ಎರಡು ಬಣ್ಣದ ಅಂಚು

ಭಾನುವಾರ, ಮಧ್ಯಾಹ್ನದ ಚಹಾ ಮುಗಿಸಿ

ಅಮ್ಮಾ,

ನಿನ್ನ ಮಾತು ಕೇಳದ ಮಗಳು ಬರೆಯುತ್ತಿದ್ದೇನೆ. ಆರೋಗ್ಯವಾಗಿದ್ದೇನೆ. ನಿನ್ನ ಮಂಡಿನೋವಿನ ಸಮಾಚಾರವನ್ನು ಕಾಗದದ ಮೊದಲ ಅರ್ಧ ಪುಟದಲ್ಲೇ ಬರೆದು ಮುಗಿಸಿದ್ದೀಯ. ಉಳಿದ ಪುಟಗಳ ತುಂಬ ನನಗೆ ಬೈದಿದ್ದೀಯ. ಅಷ್ಟು ಬೈಯುವ ತ್ರಾಣ ಇದೆಯೆಂದ ಮೇಲೆ ಮಂಡಿ ಪರವಾಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಫೋನ್ ಬಿಟ್ಟು ಕಾಗದ ಬರೆದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನಾನು ಬಾಯಿ ತೆಗೆಯುವುದರೊಳಗೆ ನೀನು ಅಳುತ್ತೀಯ, ನೀನು ಅಳುವುದು ಕೇಳಿ ನಾನು ಕೂಗಾಡುತ್ತೇನೆ, ಅತ್ತಿಗೆ ಬಂದು ಫೋನ್ ಕಿತ್ತುಕೊಂಡು ನನ್ನನ್ನು ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತಾಳೆ. ಕಾಗದದಲ್ಲಿ ಹಾಗಲ್ಲ. ನಾನು ಮುಗಿಸುವ ತನಕ ನೀನು ಕೇಳಲೇಬೇಕು. ಹರಿದು ಬಿಸಾಡಿದರೆ ಬೇರೆ ಮಾತು. ಆದರೆ ಹಳೇ ಔಷಧಿ ಚೀಟಿಗಳನ್ನೇ ಹರಿಯದವಳು ನೀನು.

ನಲವತ್ತೊಂದನೇ ವಯಸ್ಸಿನಲ್ಲಿ, ಗಂಡನಿಲ್ಲದ ಮನೆಗೆ, ಯಾರದೋ ಮಗುವನ್ನು ತಂದು ಸಾಕುವ ಹುಚ್ಚು ಬಿಡು ಎಂದಿದ್ದೀಯ. ಬಿಡಲಾಗದಿದ್ದರೆ, ಮನೆ ನೋಡಲು ಅಧಿಕಾರಿ ಬಂದು ಹೋಗುವ ತನಕವಾದರೂ ಅಕ್ಕಪಕ್ಕದವರ ಜೊತೆ ಜಗಳ ಆಡಬೇಡ, ಅವರು ನಿನ್ನ ಬಗ್ಗೆ ಏನು ಹೇಳುತ್ತಾರೋ ಅದರ ಮೇಲೇ ಎಲ್ಲ ನಿಂತಿದೆ, ಬೇಕಾದರೆ ಕೈಕಾಲು ಹಿಡಿ ಎಂದಿದ್ದೀಯ. ಕೊನೆಗೆ, "ಕೌದಿ ಹೊಲಿದ ಮಾತ್ರಕ್ಕೆ ಯಾರೂ ತಾಯಿಯಾಗುವುದಿಲ್ಲ" ಎಂದು ಬರೆದು ಅದರ ಕೆಳಗೆ ಗೆರೆ ಎಳೆದಿದ್ದೀಯ. ಗೆರೆ ಬೇಕಾಗಿರಲಿಲ್ಲ. ಚುಚ್ಚುವ ಮಾತು ಗೆರೆಯಿಲ್ಲದೆಯೂ ಚುಚ್ಚುತ್ತದೆ. ನಾನು ತಾಯಿಯಾಗಲೆಂದು ಕೌದಿ ಹೊಲಿಯುತ್ತಿಲ್ಲ ಅಮ್ಮ. ಚಳಿಗಾಲದಲ್ಲಿ ಈ ಮನೆ ತಣ್ಣಗೆ ಕೊರೆಯುತ್ತದೆ, ಹೊದೆಯಲು ಬೇಕು, ಅದಕ್ಕೆ ಹೊಲಿಯುತ್ತಿದ್ದೇನೆ.

ನಿನಗೆ ಗೊತ್ತಿಲ್ಲದ ಸಂಗತಿಯೊಂದನ್ನು ಈಗಲೇ ಹೇಳಿಬಿಡುತ್ತೇನೆ. ನಿಂತಿದ್ದರೆ ಕೂತುಕೋ. ಬರುವುದು ಒಂದು ಮಗುವಲ್ಲ. ಎರಡು.

ನಾನು ಒಪ್ಪಿಕೊಂಡಿದ್ದು ಏಳು ವರ್ಷದ ಹುಡುಗಿಯೊಬ್ಬಳನ್ನು. ಅದು ನಿನಗೂ ಗೊತ್ತು. ಅವಳ ಅಳತೆಗೆಂದೇ ಕೌದಿಯ ನಡುಭಾಗ ಕೂಡಿಸಿ ಮುಗಿಸಿದ್ದೆ. ಅಪ್ಪನ ಗೆರೆಗೆರೆ ಶರ್ಟುಗಳು, ನನ್ನ ಹಾಸ್ಟೆಲಿನ ಪರದೆ, ಕನ್ನಡಕದಂಗಡಿಯಲ್ಲಿ ತೊಡುತ್ತಿದ್ದ ಬಿಳಿ ಕೋಟು, ನೀನು "ಒರೆಸೋಕೆ ಇಟ್ಕೋ" ಎಂದು ಕೊಟ್ಟಿದ್ದ ಹೂವಿನ ಮೇಜುಹಾಸು, ಎಲ್ಲ ಸೇರಿ ಒಂದು ಸಣ್ಣ ಮಂಚಕ್ಕೆ ಸರಿಹೋಗುವಷ್ಟಾಗಿತ್ತು. ಇನ್ನೇನು ಕೆಳಗೆ ಅಸ್ತರು ಹಾಕಬೇಕು, ಅಷ್ಟರಲ್ಲಿ ಮಕ್ಕಳ ಆಶ್ರಮದಿಂದ ಫೋನು ಬಂತು. ಅಲ್ಲಿನ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ. ಅವರು ಹೇಳಿದರು, ಆ ಹುಡುಗಿಗೆ ನಾಲ್ಕು ವರ್ಷದ ತಂಗಿ ಇದ್ದಾಳಂತೆ. ಚಿಕ್ಕ ಮಕ್ಕಳನ್ನು ಬೇರೆ ಕಟ್ಟಡದಲ್ಲಿ ಇಡುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೇಳಿಕೊಂಡು ಬರುವವರು ಸಿಗುವುದಿಲ್ಲವೆಂದು ಬೇರೆ ಬೇರೆ ಮನೆಗೆ ಕೊಡುವುದೆಂದು ತೀರ್ಮಾನಿಸಿದ್ದರು. ಏಳು ವರ್ಷದವಳಿಗೆ ಆ ಸುದ್ದಿ ಹೇಗೋ ತಿಳಿದಿದೆ. ಅಂದಿನಿಂದ ಅವಳು ಗಲಾಟೆ ಮಾಡಲಿಲ್ಲ, ಅಳಲಿಲ್ಲ. ತನ್ನ ತಟ್ಟೆಯ ಬ್ರೆಡ್ಡನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹೋಗಿ ತಂಗಿಯ ಕಿಟಕಿಯಲ್ಲಿ ಇಟ್ಟು ಬರತೊಡಗಿದಳಂತೆ. ಮುಂದೆ ತಾನಿಲ್ಲದಾಗ ಅವಳಿಗೆ ಹಸಿವಾದರೆ ಇರಲಿ ಅಂತ.

"ನಿಮಗೆ ಒಬ್ಬಳೇ ಸಾಕಂದ್ರೆ ಹೇಳಿ, ತಪ್ಪಿಲ್ಲ. ಬೇರೆ ಮಗು ತೋರಿಸ್ತೀವಿ," ಎಂದರು ದೊಡ್ಡಕ್ಕ. ಅವರು ವಾಕ್ಯ ಮುಗಿಸುವುದರೊಳಗೆ ನಾನು ಇಬ್ಬರೂ ಬರಲಿ ಎಂದೆ. ಯೋಚನೆ ಮಾಡಿದ್ದೀಯಾ ಎಂದು ನೀನೀಗ ಕೇಳುತ್ತೀಯ. ಇಲ್ಲ. ಯೋಚನೆ ಮಾಡಿದರೆ ಲೆಕ್ಕ ಹಾಕುತ್ತಿದ್ದೆ, ಲೆಕ್ಕ ಹಾಕಿದರೆ ಬೇಡವೆನ್ನುತ್ತಿದ್ದೆ.

ಫೋನ್ ಇಟ್ಟಮೇಲೆ ಕೌದಿ ನೋಡಿದೆ. ಒಬ್ಬಳು ಹೊದ್ದರೆ ಇನ್ನೊಬ್ಬಳ ಕಾಲು ಹೊರಗೆ. ಅಸ್ತರು ಇನ್ನೂ ಕೂಡಿಸಿರಲಿಲ್ಲ, ಅದು ನನ್ನ ಪುಣ್ಯ. ನಡುಭಾಗವನ್ನು ಬಿಚ್ಚದೆ, ಸುತ್ತಲೂ ಗೇಣಿಗಿಂತ ಅಗಲದ ಅಂಚು ಕೊಟ್ಟರೆ ಇಬ್ಬರಿಗೂ ಸಾಕು. ಅಲ್ಲಿಂದ ಶುರುವಾಯಿತು ಅಂಚಿನ ಬಟ್ಟೆಯ ಹುಡುಕಾಟ.

ಕಟ್‌ಪೀಸ್ ಅಂಗಡಿಯವನು ನನ್ನ ಮುಂದೆ ಬಟ್ಟೆಯ ತಾನುಗಳನ್ನು ಬಿಚ್ಚಿ ಬಿಚ್ಚಿ ಹಾಕಿದ. ಮಕ್ಕಳಿಗೆ ಅಂದಕೂಡಲೇ ಬೂದು ಬಣ್ಣದ್ದೊಂದನ್ನು ಎಳೆದು, "ಇದು ತಗೊಳ್ಳಿ ಮೇಡಂ, ಎಷ್ಟು ಕೊಳೆ ಆದ್ರೂ ಕಾಣಲ್ಲ," ಎಂದ. ಕೊಳೆ ಕಾಣದಿರುವುದೇ ಒಂದು ಬಟ್ಟೆಯ ಗುಣವಾದರೆ ರಸ್ತೆಯನ್ನೇ ಹೊದೆಯಬಹುದಲ್ಲ ಎಂದೆ. ಆದರೂ ಬೂದು ಬಣ್ಣದ ಒಂದು ಚೂರು ತೆಗೆದುಕೊಂಡೆ. ಸಾಸಿವೆ ಹೂವಿನ ಹಳದಿ ಒಂದು, ಬಿಳಿ ಚುಕ್ಕೆಯ ನೀಲಿ ಒಂದು. ಹೊರಡುವಾಗ ಅವನು ಗಿಳಿಹಸಿರಿನ ಮೇಲೆ ಅಂಗೈಯಗಲದ ಕೆಂಪು ಹೂಗಳಿದ್ದ ಬಟ್ಟೆಯ ತುಂಡನ್ನೂ ಚೀಲಕ್ಕೆ ತುರುಕಿದ. ಆ ತಾನು ಬಂದಾಗಿನಿಂದ ಯಾರೂ ಕೇಳಿಲ್ಲವಂತೆ. ಏಕೆಂದು ಹೇಳಬೇಕಾಗಿಲ್ಲ, ಅದನ್ನು ನೋಡಿದರೆ ಕಣ್ಣು ನೋಯುತ್ತದೆ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು ಹೇಳುತ್ತಿದ್ದೇನೆ, ನಂಬು. ಮನೆಗೆ ಬಂದು ನಾಲ್ಕನ್ನೂ ಬಿಸಿನೀರಿನಲ್ಲಿ ನೆನೆಸಿದೆ, ಯಾವುದು ಬಣ್ಣ ಬಿಡುತ್ತದೆ ನೋಡೋಣವೆಂದು. ಒಂದೂ ಬಿಡಲಿಲ್ಲ. ಬಿಟ್ಟಿದ್ದರೆ ಆಯ್ಕೆ ಸುಲಭವಾಗುತ್ತಿತ್ತು.

ಈಗ ನಮ್ಮ ಕಟ್ಟಡದ ಕಥೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ತಲೆಯ ಮೇಲಿನ ಮನೆಯಲ್ಲಿರುವವರು ಡ್ರಿಲ್ ಮೇಷ್ಟ್ರು. ಶಾಲೆಯಲ್ಲಿ ಕವಾಯತು ಮಾಡಿಸಿದವರಲ್ಲ, ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಭಾನುವಾರ ಬಂತೆಂದರೆ ಡ್ರಿಲ್ಲಿಂಗ್ ಮಶೀನು ಹಿಡಿದು ಗೋಡೆ ಕೊರೆಯುತ್ತಾರೆ. ನಾನು ಈ ಮನೆಗೆ ಬಂದಾಗಿನಿಂದ ಕೊರೆಯುತ್ತಲೇ ಇದ್ದಾರೆ, ಅಲ್ಲಿ ಗೋಡೆ ಅಂತ ಏನಾದರೂ ಉಳಿದಿದೆಯೋ ಇಲ್ಲವೋ. ಕೆಳಗೆ ಒಂದು ಕಾರಿದೆ. ಹಿಂದಕ್ಕೆ ಬರುವಾಗ ಸಂಗೀತ ನುಡಿಸುತ್ತದೆ, ಅದೂ ಅರ್ಧಕ್ಕೆ ನಿಲ್ಲುತ್ತದೆ, ಉಳಿದರ್ಧ ದಿನವಿಡೀ ನನ್ನ ತಲೆಯಲ್ಲಿ ಸುತ್ತುತ್ತಿರುತ್ತದೆ. ಇನ್ನು ಎದುರು ಬಾಗಿಲಿನಲ್ಲಿ ಕಿಂಡಿಯಮ್ಮ. ಅವರ ಬಾಗಿಲಿಗೊಂದು ಕಿಂಡಿಗಾಜಿದೆ, ಅದರ ಹಿಂದೆ ಸದಾ ಒಂದು ಕಣ್ಣಿರುತ್ತದೆ. ಆ ಕಣ್ಣಿಗೆ ಕನ್ನಡಕ ಮಾಡಿಕೊಟ್ಟವಳು ನಾನೇ, ನನ್ನ ಕರ್ಮ.

ಮನೆಯೊಳಗೆ ಕೌದಿ ಪೂರ್ತಿ ಬಿಚ್ಚಿ ಹಾಸುವಷ್ಟು ಜಾಗವಿಲ್ಲ. ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡಿದರೆ ಮೋಸ ಹೋಗುತ್ತೇವೆ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ತಾರಸಿಗೆ ಹೋಗಿ, ನೆಲ ಗುಡಿಸಿ ಒರೆಸಿ, ಕೌದಿ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಚೂರು ಗುಂಡುಸೂಜಿ ಚುಚ್ಚಿ ನಿಲ್ಲಿಸಿ, ದೂರ ನಿಂತು ನೋಡುತ್ತಿದ್ದೆ. ಕಿಂಡಿಯಮ್ಮ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಂದರು. "ಇದು ತಾರಸಿ, ದರ್ಜಿ ಅಂಗಡಿ ಅಲ್ಲ," ಎಂದರು. ಹಗ್ಗ ಆ ಕಡೆಗೂ ಇದೆ, ಅಲ್ಲಿ ಹಾಕಿ ಎಂದೆ. ಅವರು ಬಕೆಟ್ಟಿನಿಂದ ಒಂದು ಕೆಂಪು ಹೊದಿಕೆ ತೆಗೆದು, ಹಿಂಡದೆ, ನನ್ನ ಕೌದಿಯ ನೇರಕ್ಕೆ ಮೇಲಿದ್ದ ಹಗ್ಗದ ಮೇಲೆ ಹರಡಿದರು. ಅಪ್ಪನ ಶರ್ಟಿನ ತುಂಡುಗಳ ಮೇಲೆ ಟಪಟಪ ಗುಲಾಬಿ ಹನಿ ಬಿತ್ತು.

ಆಮೇಲೆ ನಾನು ಏನೇನು ಅಂದೆನೋ ಅದನ್ನು ನಿನಗೆ ಬರೆಯುವುದಿಲ್ಲ. ಅವರು ಏನಂದರೆಂದು ಮಾತ್ರ ಬರೆಯುತ್ತೇನೆ. ಗಂಡ ಮಕ್ಕಳು ಇಲ್ಲದವರಿಗೆ ಹೊತ್ತು ಹೋಗೋದಿಲ್ಲ, ಚಿಂದಿ ಕೂಡಿಸ್ತಾ ಕೂರ್ತಾರೆ ಅಂದರು. ನಾನು ಆ ಹೊದಿಕೆಯನ್ನು ಎಳೆದು ಅವರ ಬಕೆಟ್ಟಿಗೇ ತುಂಬಿದೆ. ಅವರು ಮತ್ತೆ ತೆಗೆದರು. ನಾನು ಮತ್ತೆ ತುಂಬಿದೆ. ನಮ್ಮ ಗಲಾಟೆ ಕೇಳಿ ಡ್ರಿಲ್ ಮೇಷ್ಟ್ರು ಮಶೀನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದು, "ಏನ್ರೀ ಇದು, ಭಾನುವಾರ ಒಂದು ದಿನ ನೆಮ್ಮದಿಯಾಗಿ ಇರೋ ಹಾಗಿಲ್ವಾ?" ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನಾವಿಬ್ಬರೂ ಜಗಳ ನಿಲ್ಲಿಸಿ ಅವರ ಕಡೆ ತಿರುಗಿದೆವು. ಅವರು ಹೆದರಿ ಇಳಿದುಹೋದರು.

ಮಾರನೆಯ ದಿನ ಕೆಳಗಿನ ಗೋಡೆಯ ಮೇಲೆ ಕಟ್ಟಡದ ನಿವಾಸಿಗಳ ಸಂಘದ ನೋಟೀಸು: ತಾರಸಿಯಲ್ಲಿ ಹೊಲಿಗೆ, ಹಾಸಿಗೆ, ತುಂಡುಬಟ್ಟೆ ಇತ್ಯಾದಿ ಹರಡತಕ್ಕದ್ದಲ್ಲ. ಇತ್ಯಾದಿ ಅಂದರೆ ನಾನು.

ನಿನ್ನ ಕಾಗದ ಕೈಸೇರಿದ್ದು ಅದೇ ವಾರ. ಲೆನ್ಸ್ ಉಜ್ಜುವ ಮಶೀನಿನ ಪಕ್ಕ ಇಟ್ಟುಕೊಂಡು, ಗಿರಾಕಿ ಇಲ್ಲದಾಗಲೆಲ್ಲ ಓದಿದೆ. ಕೈಕಾಲು ಹಿಡಿ ಎಂಬ ಮಾತನ್ನು ಎರಡು ಸಲ ಓದಿದೆ. ಆ ಭಾನುವಾರ ಏನು ಮಾಡಿದೆ ಗೊತ್ತಾ? ಕೌದಿಯನ್ನು ತಂದು ನನ್ನ ಬಾಗಿಲಿಗೂ ಕಿಂಡಿಯಮ್ಮನ ಬಾಗಿಲಿಗೂ ನಡುವಿನ ಜಾಗದಲ್ಲಿ, ಮೆಟ್ಟಿಲ ಎದುರಿಗೇ ಹಾಸಿದೆ. ನೋಟೀಸಿನಲ್ಲಿ ಆ ಜಾಗದ ಹೆಸರಿರಲಿಲ್ಲ. ಬೇಕೆಂದೇ ಮಾಡಿದೆ ಅಮ್ಮ, ಸುಳ್ಳೇಕೆ ಹೇಳಲಿ. ಹೋಗುವವರು ಬರುವವರೆಲ್ಲ ಗೋಡೆಗೆ ಬೆನ್ನು ಒತ್ತಿ, ಏಡಿ ನಡೆದ ಹಾಗೆ ಅಡ್ಡಡ್ಡ ನಡೆಯಬೇಕಾಯಿತು. ನಡೆಯುವಾಗ ಎಲ್ಲರೂ ಒಂದೊಂದು ಬಣ್ಣ ಹೇಳಿದರು. ಕಾರಿನವನು ನೀಲಿ ಎಂದ. ಡ್ರಿಲ್ ಮೇಷ್ಟ್ರು ಮೂಗಿನ ತುದಿಗೆ ಕನ್ನಡಕ ಇಳಿಸಿ, "ಆ ಬೂದಿ ಬಣ್ಣ ಮಾತ್ರ ಬೇಡಮ್ಮ, ಆಸ್ಪತ್ರೆ ಜ್ಞಾಪಕ ಬರುತ್ತೆ," ಎಂದು ಮೇಲೆ ಹೋಗಿ ಕೊರೆಯಲು ಶುರುಮಾಡಿದರು.

ಕಿಂಡಿಯಮ್ಮನ ಬಾಗಿಲು ದಡಾರನೆ ತೆರೆಯಿತು. "ಮನುಷ್ಯರು ಓಡಾಡೋ ಜಾಗ ಇದು!" ಎಂದು ಆರಂಭಿಸಿದರು. ನಾನು ಮಂಡಿಯೂರಿ ಕೂತಿದ್ದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಉತ್ತರ ಕೊಡಲಾಗಲಿಲ್ಲ. ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹೆಂಗಸು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಕೌದಿಯ ತುದಿಯಲ್ಲಿ ನಿಂತರು. ಸಂಘದ ಮೇಲಿನವರು ದೂರು ವಿಚಾರಿಸಲು ಕಳಿಸಿದ್ದಾರೆ ಎಂದುಕೊಂಡರು ಕಿಂಡಿಯಮ್ಮ. ಒಳ್ಳೆಯ ಸಮಯಕ್ಕೆ ಬಂದಿರಿ ನೋಡಿ ಎಂದು ಎಲ್ಲ ಬಿಚ್ಚಿ ಹೇಳತೊಡಗಿದರು. ಇವಳು ಜಗಳಗಂಟಿ, ಇವಳ ಬಾಯಿಗೆ ಬಾಗಿಲಿಲ್ಲ, ತಾರಸಿಯಲ್ಲಿ ನನ್ನ ಹೊದಿಕೆ ಎಳೆದು ಹಾಕಿದಳು, ಮೇಷ್ಟ್ರ ಜೊತೆ ಜಗಳ, ಕಾರಿನವನ ಜೊತೆ ಜಗಳ, ಇಂಥವಳ ಎದುರು ಬದುಕುವುದು ಹೇಗೆ. ಬಂದವರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, ಚೀಲದಿಂದ ಗುರುತಿನ ಚೀಟಿ ತೆಗೆದು ತೋರಿಸಿದರು. ಮಕ್ಕಳನ್ನು ದತ್ತು ಕೊಡುವ ಕಚೇರಿಯಿಂದ ಬಂದ ಅಧಿಕಾರಿ. ಭಾನುವಾರವೆಂದೂ ನೋಡದೆ, ಹೇಳದೆ ಕೇಳದೆ ಬರುವುದೇ ಅವರ ಕ್ರಮವಂತೆ.

ನನ್ನ ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟೆ. ಆಗ ನಿನ್ನ ನೆನಪಾಯಿತು, ನೀನು ಹೇಳಿದ್ದೇ ಆಯಿತಲ್ಲ ಎಂದು. ಕಿಂಡಿಯಮ್ಮನ ಕಡೆ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಒಂದು ಮಾತು, ತಪ್ಪಾಯಿತು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತೇನೋ. ನಾನು ಅನ್ನಲಿಲ್ಲ. ತಪ್ಪಾಗಿರಲಿಲ್ಲ. ಮಕ್ಕಳು ಬೇಕೆಂದು ಅಡ್ಡಬಿದ್ದವಳ ಮನೆಗೆ ಬಂದ ಮಕ್ಕಳು ಜೀವನಪೂರ್ತಿ ಅಡ್ಡಬೀಳುವುದನ್ನೇ ಕಲಿಯುತ್ತವೆ. ಆ ಅಕ್ಕತಂಗಿಯರಿಗೆ ಅದು ಈಗಾಗಲೇ ಬೇಕಾದಷ್ಟು ಬರುತ್ತದೆ.

ಅಧಿಕಾರಿ ಕಿಂಡಿಯಮ್ಮನನ್ನೇ ಕೇಳಿದರು. ಇವರ ಮನೆಗೆ ಎರಡು ಹೆಣ್ಣುಮಕ್ಕಳನ್ನು ಕಳಿಸುವ ವಿಚಾರ ಇದೆ, ನೀವು ಎದುರು ಮನೆಯವರು, ನಿಮಗೇನನ್ನಿಸುತ್ತದೆ ಎಂದು. ಕಿಂಡಿಯಮ್ಮ ನೆಲದ ಮೇಲಿದ್ದ ಕೌದಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು. ಕೊನೆಗೆ, "ಎರಡು ಮಕ್ಕಳು ಅಂದ್ರೆ ಗಲಾಟೆ ಆಗುತ್ತೆ, ನಾನು ಕಂಪ್ಲೇಂಟ್ ಕೊಟ್ಟೇ ಕೊಡ್ತೀನಿ, ಅದು ಈಗಲೇ ಹೇಳಿರ್ತೀನಿ," ಎಂದರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಆದ್ರೆ ಆ ಮಕ್ಕಳ ತಂಟೆಗೆ ಬೇರೆ ಯಾರಾದ್ರೂ ಬಂದ್ರೆ ಇವಳು ಅವರನ್ನ ಹುಟ್ಟಿಲ್ಲ ಅನ್ನಿಸಿಬಿಡ್ತಾಳೆ. ಅಷ್ಟು ಬರ್ಕೊಳ್ಳಿ," ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಮತ್ತೆ ಕಿಂಡಿಗೆ ಕಣ್ಣು ಬಂತೆನ್ನುವುದು ಬೇರೆ ಮಾತು.

ಇದನ್ನು ಓದಿ ನಾವಿಬ್ಬರೂ ಈಗ ಗೆಳತಿಯರಾಗಿದ್ದೇವೆ ಎಂದುಕೊಳ್ಳಬೇಡ. ಮಾರನೆಯ ದಿನವೇ ನನ್ನ ಚಪ್ಪಲಿ ಅವರ ಕಾಲೊರೆಸಿನ ಮೇಲೆ ಬಂದಿದೆಯೆಂದು ಕೂಗಾಡಿದರು. ನಾನೂ ಬಿಡಲಿಲ್ಲ.

ಒಳಗೆ ಬಂದ ಅಧಿಕಾರಿ ಎಲ್ಲವನ್ನೂ ನೋಡಿದರು. ಅಡುಗೆಮನೆಯ ಗ್ಯಾಸು, ಕಿಟಕಿಯ ಸರಳು, ಸ್ನಾನದ ಮನೆಯ ಜಾರುವ ನೆಲ. ನೀವು ಅಂಗಡಿಗೆ ಹೋದಾಗ ಮಕ್ಕಳು ಎಲ್ಲಿರುತ್ತಾರೆ ಎಂದರು. ಶಾಲೆ ಬಿಟ್ಟ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತಾರೆ, ಮಾಲೀಕರು ಒಪ್ಪಿದ್ದಾರೆ ಎಂದೆ. ಮುಂದೆ ಮದುವೆಯಾದರೆ ಎಂದರು. ಆಗುವವನು ಮೂವರನ್ನೂ ಒಪ್ಪಿಕೊಂಡೇ ಆಗಬೇಕಾಗುತ್ತದೆ ಎಂದೆ. ಒಂದು ವೇಳೆ ಮೇಲಿನವರು ಒಬ್ಬಳನ್ನು ಮಾತ್ರ ಕೊಡುವುದೆಂದರೆ ಯಾರನ್ನು ಆರಿಸುತ್ತೀರಿ ಎಂದರು. ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. "ಹಾಗಿದ್ರೆ ನಿಮ್ಮ ಟೈಮು ಯಾಕೆ ಹಾಳು ಮಾಡಲಿ," ಎಂದೆ. ಅವರು ಕೂತೇ ಇದ್ದರು. ಎಲ್ಲರನ್ನೂ ಕೇಳುವ ಪ್ರಶ್ನೆ ಅದು, ಬಂದು ಕೂತ್ಕೊಳ್ಳಿ ಎಂದರು.

ಕೊನೆಯ ಪ್ರಶ್ನೆ ನಿನ್ನ ಬಗ್ಗೆ. ನಿಮ್ಮ ತಾಯಿ ಒಪ್ಪಿದ್ದಾರಾ ಎಂದು ಕೇಳಿದರು. ಒಪ್ಪಿದ್ದಾರೆ ಅಂದುಬಿಡುವುದು ಸುಲಭವಿತ್ತು. ಇಲ್ಲ ಎಂದೆ. ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾರೆ, ಆದರೆ ಕೋಪದಲ್ಲೂ ಚಳಿಗಾಲಕ್ಕೆ ಮುಂಚೆ ಉಣ್ಣೆ ಕಾಲುಚೀಲ ಕಳಿಸುವುದನ್ನು ನಿಲ್ಲಿಸಿಲ್ಲ ಎಂದೆ. ಅವರು ನಕ್ಕು ಏನೋ ಬರೆದುಕೊಂಡರು. ಮನೆಯವರು ಯಾರಾದರೂ ಒಪ್ಪಿಗೆಯ ಎರಡು ಸಾಲು ಬರೆದುಕೊಟ್ಟರೆ ನಿಮಗೆ ಅನುಕೂಲವಾಗುತ್ತದೆ ಎಂದರು. ಆ ಎರಡು ಸಾಲನ್ನು ನಾನು ನಿನ್ನಲ್ಲಿ ಕೇಳಲಿಲ್ಲ, ನೋಡಿದೆಯಲ್ಲ. ಈಗಲೂ ಕೇಳುತ್ತಿಲ್ಲ. ನಿನ್ನ ಕೈ ತಿರುಚಿ ಬರೆಸಿಕೊಂಡ ಒಪ್ಪಿಗೆಯಿಂದ ಆ ಮಕ್ಕಳಿಗೇನು ಬೆಚ್ಚಗಾಗುತ್ತದೆ?

ಆಮೇಲೆ ಕಾಯುವ ಕೆಲಸ. ಆ ನಡುವೆ ಆಶ್ರಮಕ್ಕೆ ಹೋಗಿ ಮಕ್ಕಳನ್ನು ನೋಡಿ ಬರಲು ಬಿಟ್ಟರು. ನಾಲ್ಕೂ ಚೂರನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಇಡೀ ಕಟ್ಟಡವೇ ಬಣ್ಣ ಹೇಳಿತ್ತು, ಹೊದೆಯುವವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬೆಂಚಿನ ಮೇಲೆ ಹರಡಿದೆ. ಚಿಕ್ಕವಳು ಒಂದು ಕ್ಷಣವೂ ತಡೆಯದೆ ಹಳದಿಯನ್ನು ಎಳೆದುಕೊಂಡು ಕೆನ್ನೆಗೆ ಒತ್ತಿಕೊಂಡಳು. ನಿನಗೆ ಯಾವುದು ಎಂದು ದೊಡ್ಡವಳನ್ನು ಕೇಳಿದೆ. "ಅವಳಿಗೆ ಯಾವುದು ಬೇಕೋ ನನಗೂ ಅದೇ," ಎಂದಳು. ಅದಲ್ಲ, ನಿನಗೆ ಯಾವುದು ಎಂದೆ. "ಇದೇ ಚೆನ್ನಾಗಿದೆ," ಎಂದು ಹಳದಿಯನ್ನೇ ತೋರಿಸಿದಳು, ಅದರ ಕಡೆ ನೋಡದೆ.

ನನ್ನ ಹಟ ನಿನಗೆ ಗೊತ್ತು. ನಾನು ಅಲ್ಲೇ ಕೂತೆ. ನೀನು ಹೇಳುವ ತನಕ ನಾನು ಏಳುವುದಿಲ್ಲ, ನನಗೆ ಬೇರೆ ಕೆಲಸವಿಲ್ಲ ಎಂದೆ. ದೊಡ್ಡಕ್ಕ ಎರಡು ಸಲ ಇಣುಕಿ ಹೋದರು. ಚಿಕ್ಕವಳು ಬೆಂಚಿನ ಕೆಳಗೆ ಇರುವೆ ನೋಡುತ್ತ ಮಲಗಿದಳು. ದೊಡ್ಡವಳು ಉಗುರು ಕಚ್ಚಿದಳು, ಕಿಟಕಿ ನೋಡಿದಳು, ನನ್ನ ಮುಖ ನೋಡಿದಳು, ಬೈಯುತ್ತಾರೋ ಏನೋ ಎಂದು ಅಳೆಯುವ ಹಾಗೆ. ಕೊನೆಗೆ ಒಂದು ಬೆರಳು ಮುಂದಕ್ಕೆ ಬಂತು. ಗಿಳಿಹಸಿರಿನ ಮೇಲಿನ ಕೆಂಪು ಹೂವಿನ ಮೇಲೆ ಕೂತಿತು. "ಇದು ಜಾಸ್ತಿ ಆಯ್ತಾ?" ಎಂದು ಕೇಳಿದಳು.

ಅಮ್ಮ, ಆ ಬಟ್ಟೆ ಎಷ್ಟು ಕೆಟ್ಟದಾಗಿದೆ ಎಂದು ಆಗಲೇ ಬರೆದಿದ್ದೇನೆ. ಆದರೆ ಅವಳ ಕಣ್ಣು ನೋಡಬೇಕಿತ್ತು. ಜಾಸ್ತಿ ಆಗಿಲ್ಲ, ಸರಿಯಾಗಿದೆ ಎಂದೆ. ದಾರಿಯಲ್ಲೇ ಕಟ್‌ಪೀಸ್ ಅಂಗಡಿಗೆ ಹೋಗಿ ಆ ತಾನಿನಲ್ಲಿ ಉಳಿದದ್ದನ್ನೆಲ್ಲ, ಜೊತೆಗೆ ಅಂಚಿಗಾಗುವಷ್ಟು ಹಳದಿಯನ್ನೂ ಕೊಂಡುಬಿಟ್ಟೆ. ಅಂಗಡಿಯವನು ಹಬ್ಬ ಬಂದಂತೆ ಹಿಗ್ಗಿದ. ಈಗ ಕೌದಿಯ ಎರಡು ಬದಿಗೆ ಹಳದಿ ಅಂಚು, ಎರಡು ಬದಿಗೆ ಗಿಳಿಹಸಿರು. ಮೂಲೆಗಳಲ್ಲಿ ಅವೆರಡೂ ಒಂದನ್ನೊಂದು ಕಂಡು ಕಿರುಚಿಕೊಳ್ಳುತ್ತವೆ. ಮೇಷ್ಟ್ರು ನೋಡಿ, ಆ ಬೂದಿ ಬಣ್ಣವೇ ವಾಸಿ ಇತ್ತಲ್ಲಮ್ಮ ಎಂದರು. ಕಿಂಡಿಯಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಚೆನ್ನಾಗಿಲ್ಲವೆಂದು ನನಗೂ ಗೊತ್ತು. ಅದು ಹಾಗೆಯೇ ಇರುತ್ತದೆ. ಗುಲಾಬಿ ಹನಿಗಳೂ ಪೂರ್ತಿ ಹೋಗಿಲ್ಲ, ಅವೂ ಇರಲಿ.

ಕಳೆದ ಭಾನುವಾರ ಮೇಷ್ಟ್ರು ಮಶೀನು ಹಿಡಿದು ನನ್ನ ಬಾಗಿಲಿಗೇ ಬಂದರು. ಮಕ್ಕಳ ಕೋಣೆಗೆ ಏನಾದರೂ ಬಿಗಿಯುವುದಿದೆಯಾ ಎಂದು ಕೇಳಿದರು. ಅವರ ಮನೆಯಲ್ಲಿ ಗೋಡೆ ಮುಗಿದಿರಬೇಕು. ಏನೂ ಇಲ್ಲ ಎಂದು ಕಳಿಸಲಿದ್ದೆ, ಆಮೇಲೆ ಪುಸ್ತಕದ ಹಲಗೆ ನೆನಪಾಯಿತು. ಅವರು ಕೊರೆಯುತ್ತಿದ್ದಾಗ ಕಿಂಡಿಯ ಕಡೆಯಿಂದ ದೂರು ಬಂತು, ಭಾನುವಾರ ನನ್ನ ಮನೆಯಿಂದ ಸದ್ದು ಬರುತ್ತಿದೆಯೆಂದು. ಕೊನೆಗೆ ನಾನೂ ಅವರ ಸಾಲಿಗೇ ಸೇರಿದೆ. ಹಲಗೆ ಮಾತ್ರ ನೆಟ್ಟಗಿದೆ.

ಕಚೇರಿಯಿಂದ ಆದೇಶ ಬಂದಿದೆ, ಇಬ್ಬರಿಗೂ ಸೇರಿಸಿ ಒಂದೇ. ಇನ್ನು ಕರೆತರುವುದಷ್ಟೇ ಬಾಕಿ, ದಿನ ಗೊತ್ತಾದಾಗ ತಿಳಿಸುತ್ತೇನೆ. ಹುಡುಗಿಯ ಹಿಂದಿನ ಕಥೆ ಏನು, ಅಪ್ಪ ಅಮ್ಮ ಯಾರು, ಯಾವ ರಕ್ತ ಎಂದು ನೀನು ಕೇಳಿದ್ದೀಯ. ಆ ಕಥೆ ಆ ಮಕ್ಕಳದು. ಹೇಳಬೇಕೆನ್ನಿಸಿದಾಗ ಅವರೇ ಹೇಳುತ್ತಾರೆ, ಹೇಳದಿದ್ದರೂ ನಡೆಯುತ್ತದೆ. ಜನ ಏನನ್ನುತ್ತಾರೆ ಎಂದೂ ಕೇಳಿದ್ದೀಯ. ಜನ ಅನ್ನುವುದನ್ನೆಲ್ಲ ಎದುರು ಮನೆಯವರು ಆಗಲೇ ಅಂದು ಮುಗಿಸಿದ್ದಾರೆ, ಹೊಸದೇನೂ ಉಳಿದಿಲ್ಲ.

ನೀನು ಬರಬೇಕೆಂದೇನಿಲ್ಲ. ಬಂದರೆ ಒಂದೇ ಷರತ್ತು. ಆ ಮಕ್ಕಳ ಎದುರು "ಪಾಪ" ಎಂಬ ಮಾತು ಬರಕೂಡದು. ಅಣ್ಣನಿಗೂ ಹೇಳು. ಅತ್ತಿಗೆಗೆ ಹೇಳಬೇಕಾಗಿಲ್ಲ, ಅವಳು ಊಟ ಆಯ್ತಾ ಎಂದು ಮಾತ್ರ ಕೇಳುತ್ತಾಳೆ, ಅದೇ ಸರಿ. ಮಂಡಿಗೆ ಎಣ್ಣೆ ಹಚ್ಚಿಕೋ, ಮೆಟ್ಟಿಲು ಕಡಿಮೆ ಹತ್ತು. ನನಗೆ ಬೈಯುವುದಿದ್ದರೆ ಇನ್ನೂ ಬೈ, ಕಾಗದದಲ್ಲೇ ಬೈ, ಗೆರೆ ಬೇಕಾದರೆ ಎಳೆ.

ಹಟದಲ್ಲಿ ನಿನ್ನನ್ನೇ ಹೋಲುವ,
ನಿನ್ನ ಮಗಳು

ವಿ.ಸೂ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮಕ್ಕಳು ಗುರುವಾರವೇ ಬಂದಾಯಿತು. ಮೊದಲೇ ತಿಳಿಸಿದರೆ ಅಣ್ಣನನ್ನು ಕಟ್ಟಿಕೊಂಡು ತಡೆಯಲು ಬಂದುಬಿಡುತ್ತೀಯೆಂದು ತಿಳಿಸಲಿಲ್ಲ, ತಿಳಿಸಲಿಲ್ಲವೆಂದು ಒಪ್ಪಿಕೊಳ್ಳಲೂ ಹೆದರಿದೆ. ಈ ಲೋಕದಲ್ಲಿ ನಾನು ಹೆದರುವುದು ನಿನಗೊಬ್ಬಳಿಗೇ. ಚಿಕ್ಕವಳು ಒಳಗೆ ಮಲಗಿದ್ದಾಳೆ. ದೊಡ್ಡವಳು ಈಗಷ್ಟೇ ಮೇಜಿನ ಪಕ್ಕ ಬಂದು, ಯಾರಿಗೆ ಬರೀತಿದ್ದೀರಿ ಎಂದು ಕೇಳಿದಳು. ನನ್ನ ಅಮ್ಮನಿಗೆ ಎಂದೆ. "ಅವರು ನಿಮ್ಮನ್ನ ನೋಡೋಕೆ ಯಾವಾಗ ಬರ್ತಾರೆ?" ಎಂದಳು. ಆಶ್ರಮದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಯಂತೆ ಅದು. ಗೊತ್ತಿಲ್ಲ ಎಂದೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಳಬೇಡಿ, ಬರ್ತಾರೆ," ಎಂದು ಹೇಳಿ ಒಳಗೆ ಹೋದಳು. ನಾನು ಅಳುತ್ತಿರಲಿಲ್ಲ. ನಿನ್ನನ್ನು ಕರೆಯುತ್ತಲೂ ಇಲ್ಲ. ನಡೆದದ್ದು ಬರೆದೆ, ಅಷ್ಟೇ.